ನಾಲ್ಕರ ಆಚೆಗಿನ ಲೆಕ್ಕ

ಬುಡಕಟ್ಟು ಭಾಷೆಗಳ ಮಾತು ಬಂದಾಗಲೆಲ್ಲ ವಿದ್ಯಾವಂತರಿಂದ ಒಂದು ತೀರ್ಪು ಹೊರಬೀಳುತ್ತದೆ: 'ಪಾಪ, ಅವರಿಗೆ ನಾಲ್ಕರ ಮೇಲೆ ಎಣಿಸಲು ಬರುತ್ತಿರಲಿಲ್ಲ.' ಈ ಕನಿಕರವನ್ನು ನಾವು ಒಪ್ಪುವುದಿಲ್ಲ.

ಜಾರ್ಖಂಡ್, ಛತ್ತೀಸಗಢಗಳ ಉರಾಂವ್ ಜನರಾಡುವ ಕುರುಖ್ ಕನ್ನಡದ್ದೇ ಬಳಗದ ದ್ರಾವಿಡ ಭಾಷೆ. ಅಲ್ಲಿ ಮೂರಕ್ಕೆ ಮೂಂದ್, ನಾಲ್ಕಕ್ಕೆ ನಾಖ್. ಮನುಷ್ಯರಾದರೆ ಎರಡಕ್ಕೆ ಇರ್ಬ್. ಹಳಗನ್ನಡದ 'ಇರ್ವರ್' ಬಲ್ಲವರಿಗೆ ಇದು ಅಪರಿಚಿತವೆನಿಸದು. ಐದರಿಂದ ಮುಂದೆ ಮಾತ್ರ ಇಂಡೋ-ಆರ್ಯ ನುಡಿಗಳಿಂದ ಬಂದ ಪದಗಳು. ಬಲೂಚಿಸ್ತಾನದ ಬ್ರಾಹುಯಿಯಲ್ಲಿ ಮೂರರವರೆಗೆ, ರಾಜಮಹಲ್ ಬೆಟ್ಟಗಳ ಮಾಲ್ತೋದಲ್ಲಿ ಎರಡರವರೆಗೆ ಸ್ವಂತ ಪದಗಳು ಉಳಿದಿವೆ. ಉಳಿದಿವೆ ಎನ್ನುವುದೇ ಮುಖ್ಯ. ಒಂದರಿಂದ ಹತ್ತರವರೆಗಿನ ಪದಗಳನ್ನು ಭಾಷಾವಿಜ್ಞಾನಿಗಳು ಮೂಲ ದ್ರಾವಿಡಕ್ಕೇ ಒಯ್ಯುತ್ತಾರೆ. ಗೊಂಡಿಯಲ್ಲಿ ಐದು, ಆರು, ಏಳು ಇಂದಿಗೂ ಅದೇ ಬೇರಿನವು. ಅಂದಮೇಲೆ ಕುರುಖಿನ ಪೂರ್ವಜರಿಗೂ ಐದು ಇತ್ತು, ಹತ್ತೂ ಇತ್ತು. ಕಳೆದುಹೋದದ್ದನ್ನು ಇರಲೇ ಇಲ್ಲ ಎನ್ನುವುದು ಯಾವ ನ್ಯಾಯ?

ಕಳೆದ ಬಗೆಯನ್ನೂ ಗಮನಿಸಬೇಕು. ಮಕ್ಕಳೆಷ್ಟು, ಎತ್ತುಗಳೆಷ್ಟು ಎಂಬ ಸಣ್ಣ ಲೆಕ್ಕ ಮನೆಯೊಳಗಿನದು. ಅದು ಮನೆಮಾತಿನಲ್ಲೇ ಉಳಿಯಿತು. ಸಂತೆಯ ಬೆಲೆ, ಸಾಹುಕಾರನ ಬಡ್ಡಿ, ಸರಕಾರದ ಕಂದಾಯಗಳ ದೊಡ್ಡ ಲೆಕ್ಕ ಖಾತೆಪುಸ್ತಕ ಹಿಡಿದವನ ನುಡಿಯಲ್ಲಿ ನಡೆಯಿತು. ಸಾಲಗಾರನು ಸಾಲ ಕೊಟ್ಟವನ ಭಾಷೆಯಲ್ಲೇ ಎಣಿಸಬೇಕಾಯಿತು. ಇದರಲ್ಲಿ ಬುದ್ಧಿಯ ಕೊರತೆ ನಮಗೆ ಕಾಣುವುದಿಲ್ಲ; ಅಧಿಕಾರದ ಕೊರತೆ ಕಾಣುತ್ತದೆ.

ಎರವಲು ಪದವೇ ದಡ್ಡತನದ ಗುರುತಾದರೆ ನಮ್ಮ ಗತಿ ಏನು? 'ಸಾವಿರ' ಸಂಸ್ಕೃತದ ಸಹಸ್ರದಿಂದ ಬಂದದ್ದು. ಲಕ್ಷ, ಕೋಟಿಗಳೂ ಅಲ್ಲಿಯವೇ. ಹಾಗೆಂದು ಕನ್ನಡಿಗರಿಗೆ ಒಂಬೈನೂರ ತೊಂಬತ್ತೊಂಬತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ ಎಂದು ಯಾವ ಪಂಡಿತರೂ ಬರೆದಂತಿಲ್ಲ. ರಾಜ್ಯ, ಶಾಸನ, ಸಾಹಿತ್ಯ ಇದ್ದವರು ಪಡೆದರೆ ಸಂಪತ್ತು, ಕಾಡಿನವರು ಪಡೆದರೆ ಬಡತನ!

ಕುರುಖಿಗೆ ಈಗ ತೊಲೊಂಗ್ ಸಿಕಿ ಎಂಬ ಸ್ವಂತ ಲಿಪಿಯಿದೆ, ಅದರಲ್ಲಿ ಸ್ವಂತ ಅಂಕಿಗಳೂ ಇವೆ. ಆದರೆ ಅಂಕಿಗೆ ಬೇಕಾದದ್ದು ಬಳಕೆ. ಗಣಿತದ ತರಗತಿ, ಸಂತೆಯ ಚೀಟಿ, ಬ್ಯಾಂಕಿನ ಅರ್ಜಿ ಎಲ್ಲವೂ ಹಿಂದಿಯಲ್ಲೇ ಇರುವಾಗ ಭಾಷೆಯನ್ನು ಹಾಡು-ಕುಣಿತಗಳ ವೇದಿಕೆಗೆ ಮಾತ್ರ ಕರೆಯುವುದನ್ನು ಸಂರಕ್ಷಣೆ ಎನ್ನಲಾಗದು.

ಹೊರನಾಡಿನ ನಾವು ಇದನ್ನು ದೂರದ ಕಥೆಯೆಂದು ಓದುವಂತಿಲ್ಲ. ತರಕಾರಿಯ ಬೆಲೆ ಹಿಂದಿಯಲ್ಲಿ, ಫೋನ್ ನಂಬರು ಇಂಗ್ಲಿಷಿನಲ್ಲಿ. ಎಪ್ಪತ್ತೆಂಟು ಎಂದರೆ ನಮ್ಮ ಮಕ್ಕಳು ಮುಖ ನೋಡುತ್ತಾರೆ. ಮನೆಗೆ ಬಂದವರು ಇಬ್ಬರು, ಮೂವರು ಆಗಿರುವ ತನಕ ಸರಿ. ಐವರಾದರೆ 'ಐದು ಜನ', ಅದಕ್ಕೂ ಹೆಚ್ಚಾದರೆ 'ಸೆವೆನ್ ಮೆಂಬರ್ಸ್'.