ಬಜೆಟ್ ಟ್ರಿಪ್ ಅಂದ್ರೆ ಯಾರ ಬಜೆಟ್?

ಥರ್ಡ್ ಸೆಮ್ ಮುಗಿಸಿ ಜನವರಿಯಲ್ಲಿ ನಾವು ಐದು ಜನ ಅಂಡಮಾನ್‌ನ ಹ್ಯಾವ್‌ಲಾಕ್‌ಗೆ ಹೋಗಿದ್ವಿ. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ಬೆನ್ನಿಗೊಂದು ಬ್ಯಾಗು, ಅಗ್ಗದ ರೂಮು, ತಲೆಗೆ ಇಷ್ಟು ಅಂತ ಲೆಕ್ಕ. 'ಪಕ್ಕಾ ಬಜೆಟ್ ಟ್ರಿಪ್' ಅಂತ ಗ್ರೂಪಿಗೆ ಹೆಸರೂ ಇಟ್ಟಿದ್ವಿ. ವಾಪಸ್ ಬಂದ ಮೇಲೆ ಆ ಹೆಸರು ನೋಡಿದ್ರೆ ನಮಗೇ ನಾಚಿಕೆ ಆಗುತ್ತೆ. ಯಾಕೆ ಅಂತ ಹೇಳ್ತೀವಿ.

ನಮ್ಮ ಲೆಕ್ಕದಲ್ಲಿ ಇದ್ದದ್ದು ವಿಮಾನ, ರೂಮು, ಊಟ ಮಾತ್ರ. ದ್ವೀಪದಲ್ಲಿ ಖರ್ಚು ಶುರುವಾಗೋದೇ ಆಮೇಲೆ. ಸರ್ಕಾರಿ ಫೆರಿ ಟಿಕೆಟ್ ಖಾಲಿಯಾಗಿತ್ತು, ಖಾಸಗಿ ಫೆರಿಗೆ ಹೆಚ್ಚು ದುಡ್ಡು ಕೊಟ್ವಿ. ದಿನಸಿ, ಪೆಟ್ರೋಲ್ ಎಲ್ಲಾ ಹಡಗಲ್ಲೇ ಬರಬೇಕು, ಹಾಗಾಗಿ ಊಟಕ್ಕೂ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯ್ತು. ಓಡಾಡಕ್ಕೆ ಬಾಡಿಗೆ ಸ್ಕೂಟರ್. ಇಷ್ಟರ ಮೇಲೆ ಸ್ಕೂಬಾ, ಒಬ್ಬರಿಗೆ 4,000 ರೂಪಾಯಿ.

ಸ್ಕೂಬಾ ದಿನ ಬೆಳಿಗ್ಗೆ ನಮ್ಮಲ್ಲೊಬ್ಬ 'ಶೀತ ಆಗಿದೆ ಕಣ್ರೋ, ನೀವು ಹೋಗಿ' ಅಂದ. ನಾವೂ ನಂಬಿದ್ವಿ. 10 ಮೀಟರ್ ಇಳಿದ್ರೆ ನೀರಿನ ಒತ್ತಡ ಒಂದು ಅಟ್ಮಾಸ್ಫಿಯರ್ ಹೆಚ್ಚುತ್ತೆ, ಮೂಗು ಕಟ್ಟಿದ್ರೆ ಕಿವಿಗೆ ಪೆಟ್ಟು ಅಂತ ಅಲ್ಲಿನವರೂ ಹೇಳಿದ್ರು. ಅವನು ದಡದಲ್ಲಿ ಕೂತು ನಮ್ಮ ಬ್ಯಾಗು, ಚಪ್ಪಲಿ ಕಾಯ್ದ. ನಾವು ಮೀನು ನೋಡಿ ಬಂದು ಅವನಿಗೇ ವಿಡಿಯೋ ತೋರಿಸಿದ್ವಿ. ಅವನ ಅಕೌಂಟಲ್ಲಿ ಆಗ ಉಳಿದಿದ್ದು 800 ರೂಪಾಯಿ ಅಂತ ಗೊತ್ತಾಗಿದ್ದು ಹಾಸ್ಟೆಲ್‌ಗೆ ಬಂದ ಎರಡು ವಾರದ ಮೇಲೆ. ಇದನ್ನ ಅವನನ್ನ ಕೇಳಿಯೇ ಬರೀತಿದ್ದೀವಿ.

ಗೋಕರ್ಣಕ್ಕೆ ಹೋಗಿದ್ರೆ, ದುಡ್ಡು ಮುಗಿದಾಗ ಏನೋ ನೆಪ ಹೇಳಿ ರಾತ್ರಿ ಬಸ್ ಹತ್ತಬಹುದಿತ್ತು. ದ್ವೀಪದಲ್ಲಿ ಆ ದಾರಿಯೂ ಇಲ್ಲ. ಫೆರಿ, ವಿಮಾನ ಎರಡಕ್ಕೂ ಮೊದಲೇ ದಿನ ಗೊತ್ತು ಮಾಡಿರ್ತೀವಿ. ಅಲ್ಲೀವರೆಗೆ ನಗ್ತಾ ಇರಬೇಕು.

'ಬಾಯಿ ಬಿಟ್ಟು ಹೇಳಬೇಕಿತ್ತಪ್ಪಾ, ನಾವೇ ಕೊಡ್ತಿದ್ವಲ್ಲ' ಅಂತ ನಮಗೂ ಮೊದಲು ಅನ್ನಿಸಿತು. ಆದ್ರೆ ನಾಲ್ಕು ಜನ 'ಹೂಂ' ಅಂದ ಮೇಲೆ ಐದನೆಯವನು 'ನನ್ನ ಹತ್ರ ಇಲ್ಲ' ಅನ್ನೋದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ. ಸಾಲ ತಗೊಂಡ್ರೆ ತೀರಿಸೋವರೆಗೂ ಕ್ಯಾಂಟೀನಲ್ಲಿ ಅದೇ ನೆನಪು. ತಪ್ಪು ಕೇಳದ ನಮ್ಮದು, ಹೇಳದ ಅವನದಲ್ಲ.

ಹಾಗಂತ ದುಡ್ಡಿದ್ದವರು ಸ್ಕೂಬಾ ಮಾಡಲೇಬಾರದು ಅಂತ ನಾವು ಹೇಳ್ತಿಲ್ಲ. ಟಿಕೆಟ್ ಬುಕ್ ಮಾಡೋ ಮೊದಲು ಒಂದು ಗೂಗಲ್ ಫಾರ್ಮ್ ಮಾಡಿ. ಹೆಸರು ಬೇಡ. ಒಂದೇ ಪ್ರಶ್ನೆ ಸಾಕು: ಎಲ್ಲಾ ಸೇರಿ ನಿಮ್ಮ ಕೈಲಿ ಎಷ್ಟಾಗುತ್ತೆ? ಬಂದ ಉತ್ತರಗಳಲ್ಲಿ ಅತಿ ಕಡಿಮೆ ಯಾವುದೋ ಅದೇ ಟ್ರಿಪ್ಪಿನ ಬಜೆಟ್, ಸರಾಸರಿ ಅಲ್ಲ. ಫೆರಿ, ಪೆಟ್ರೋಲ್, ಸ್ಕೂಬಾ ಎಲ್ಲಾ ಅದರೊಳಗೇ ಹಿಡಿಸಬೇಕು. ಹಿಡಿಸದಿದ್ರೆ ಜಾಗ ಬದಲಾಯಿಸಿ, ಗೆಳೆಯನನ್ನಲ್ಲ. ಲ್ಯಾಬಲ್ಲಿ ಸರಪಳಿ ಎಷ್ಟು ಭಾರ ಎತ್ತುತ್ತೆ ಅಂತ ನೋಡೋವಾಗ ನಾವು ದುರ್ಬಲ ಕೊಂಡಿಯನ್ನೇ ಅಲ್ವಾ ಲೆಕ್ಕಕ್ಕೆ ತಗೊಳ್ಳೋದು?

ಇನ್ನೊಂದು ಮಾತು. ಆ ಟ್ರಿಪ್ಪಲ್ಲಿ ಐವರಿಗೂ ಇವತ್ತಿಗೂ ನೆನಪಿರೋದು ರಾಧಾನಗರ ಬೀಚಿನ ಸಂಜೆ. ಅಲ್ಲಿಗೆ ಸರ್ಕಾರಿ ಬಸ್ಸೂ ಹೋಗುತ್ತೆ. ದೇಶಕ್ಕೆಲ್ಲ ಒಂದೇ ಗಡಿಯಾರ ಇರೋದ್ರಿಂದ ಜನವರಿಯಲ್ಲಿ ಅಲ್ಲಿ ಐದೂವರೆಯೊಳಗೇ ಸೂರ್ಯ ಮುಳುಗ್ತಾನೆ. ಬಿಳಿ ಮರಳ ಮೇಲೆ ಸಾಲಾಗಿ ಕೂತು, ಕತ್ತಲಾಗೋವರೆಗೂ ಐವರೂ ಹರಟಿದ್ವಿ. ಅವತ್ತು ಅವನಿಗೆ ಶೀತ ಇರಲಿಲ್ಲ.