ಅಡುಗೆಮನೆ ಉಳಿಸುವ ಬೀಜ

ಮಾಘದ ಚಳಿ ಹಿಂಜರಿದು ಮಾವಿನ ಮರಗಳಲ್ಲಿ ಮಿಡಿ ಕಾಣಿಸಿಕೊಳ್ಳುವ ಹೊತ್ತಿಗೆ ಮಲೆನಾಡಿನ ಹಿತ್ತಲುಗಳಲ್ಲಿ ಮತ್ತೊಂದು ಕೃಷಿ ಆರಂಭವಾಗುತ್ತದೆ. ಭತ್ತದ ಗದ್ದೆ ಖಾಲಿಯಾಗಿರುತ್ತದೆ; ಅಡಿಕೆಯ ಕೆಲಸ ಒಂದು ಹದಕ್ಕೆ ಬಂದಿರುತ್ತದೆ. ಬಾವಿ, ಕೆರೆಗಳ ನೀರು ತಳ ಸೇರುವ ಮೊದಲೇ ಗದ್ದೆಯ ಮೂಲೆಯಲ್ಲಿ, ಬಚ್ಚಲಿನ ಹಿಂದೆ, ಕೊಟ್ಟಿಗೆಯ ಪಕ್ಕದಲ್ಲಿ ಮಣ್ಣು ಸಡಿಲಿಸಿ, ಗೊಬ್ಬರ ಬೆರೆಸಿ, ಮೊಗೆ, ಸೌತೆ, ಕುಂಬಳ, ಅಲಸಂದೆ, ಬೆಂಡೆ, ಹರಿವೆಗಳ ಬೀಜ ಊರಲಾಗುತ್ತದೆ. ಬಚ್ಚಲು ನೀರು ಹರಿಯುವಲ್ಲಿ ಬಸಳೆಯ ಬಳ್ಳಿ ಚಪ್ಪರ ಏರುತ್ತದೆ. ಬೆಳೆಸಾಲ, ಬೆಳೆವಿಮೆಗಳ ಲೆಕ್ಕಕ್ಕೆ ಈ ಕೃಷಿ ಬರುವುದಿಲ್ಲ. ಇದನ್ನು ಮಾಡುವವರು ಬಹುತೇಕ ಮನೆಯ ಹೆಂಗಸರು. ಆದ್ದರಿಂದಲೇ ಇದನ್ನು ಕೃಷಿಯೆಂದು ಕರೆಯುವ ರೂಢಿಯೂ ಕಡಿಮೆ.

ಆದರೆ ಮಳೆಗಾಲದ ಊಟದ ಒಂದು ಭಾಗ ನಿರ್ಧಾರವಾಗುವುದು ಈ ದಿನಗಳಲ್ಲಿಯೇ. ಬೇಸಿಗೆಯಲ್ಲಿ ಬಲಿತ ಮೊಗೆಕಾಯಿ ಮತ್ತು ಬಣ್ಣದ ಸೌತೆಯನ್ನು ಬಾಳೆಯ ನಾರಿನಿಂದ ಕಟ್ಟಿ ಮಾಡಿನ ಜಂತಿಗೆ ತೂಗುಹಾಕುವ ಪದ್ಧತಿ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇದೆ. ಒಂದಕ್ಕೊಂದು ತಾಗದಂತೆ, ಗಾಳಿಯಾಡುವಂತೆ ತೂಗಿದ ಕಾಯಿಗಳು ಆಷಾಢ, ಶ್ರಾವಣಗಳ ಜಡಿಮಳೆಯಲ್ಲಿ ಹಿತ್ತಲಿನಲ್ಲಿ ಏನೂ ಬೆಳೆಯದಿರುವಾಗ ಒಲೆಗೆ ಒದಗುತ್ತವೆ. ವಿದ್ಯುತ್ತಿನ ಹಂಗಿಲ್ಲದ ಈ ಸಂಗ್ರಹಕ್ಕೆ ಬೇಕಾದದ್ದು ಎರಡೇ: ಸರಿಯಾದ ಕಾಲದ ಬಿತ್ತನೆ, ಬಹುಕಾಲ ಬಾಳುವ ಗುಣವುಳ್ಳ ತಳಿ.

ಆ ಗುಣವನ್ನು ಆಯ್ದು ಉಳಿಸಿದ್ದು ಅಡುಗೆಮನೆ. ಯಾವ ಮೊಗೆ ಹುಳಿಯಲ್ಲಿ ಕರಗದೆ ಹೋಳಾಗಿ ನಿಲ್ಲುತ್ತದೆ, ಯಾವುದರ ಸಿಪ್ಪೆ ಚಟ್ನಿಗೆ ಕಹಿಯಾಗದು, ಯಾವ ಹರಿವೆಯ ದಂಟು ಬಲಿತರೂ ನಾರಾಗದು ಎಂಬುದನ್ನು ಕಂಡುಕೊಂಡವರು ಅಡುಗೆ ಮಾಡುವವರು. ಒಂದೇ ಗಿಡದ ಸೊಪ್ಪು ಪಲ್ಯಕ್ಕೆ, ದಂಟು ಹುಳಿಗೆ; ಒಂದೇ ಕಾಯಿಯ ತಿರುಳು ಗೊಜ್ಜಿಗೆ, ಸಿಪ್ಪೆ ಚಟ್ನಿಗೆ. ಬಿತ್ತದೆಯೇ ಬರುವ ಒಂದೆಲಗವನ್ನು ಕಾಯಿತುರಿ, ಜೀರಿಗೆಯೊಡನೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ ಸಿದ್ಧ. ಉರಿಬಿಸಿಲಿನ ಮಧ್ಯಾಹ್ನ ಒಲೆಯ ಮುಂದೆ ನಿಲ್ಲುವ ಕೆಲಸವೇ ಇಲ್ಲ. ಋತುವಿಗೆ ತಕ್ಕ ಅಡುಗೆ, ಅಡುಗೆಗೆ ತಕ್ಕ ತಳಿ ಎಂಬ ಈ ಹೊಂದಾಣಿಕೆ ತಲೆಮಾರುಗಳ ಆಯ್ಕೆಯ ಫಲವಾಗಿದೆ.

ಈ ಸರಪಳಿ ಈಗ ಎರಡೂ ತುದಿಗಳಿಂದ ಕಳಚುತ್ತಿದೆ. ಒಂದು ತುದಿಯಲ್ಲಿ ಪೇಟೆಯ ಹೈಬ್ರಿಡ್ ಬೀಜದ ಪೊಟ್ಟಣವಿದೆ. ಅದರ ಮೊದಲ ಬೆಳೆ ಹುಲುಸಾಗಿಯೇ ಬರುತ್ತದೆ. ಆದರೆ ಎರಡು ಭಿನ್ನ ಪೋಷಕ ತಳಿಗಳ ಸಂಕರದಿಂದ ಹುಟ್ಟಿದ ಆ ಗಿಡದ ಬೀಜವನ್ನು ಮರುವರ್ಷ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ; ಮತ್ತೆ ಅಂಗಡಿಗೇ ಹೋಗಬೇಕಾಗುತ್ತದೆ. ಇನ್ನೊಂದು ತುದಿಯಲ್ಲಿ ಊಟವೇ ಬದಲಾಗಿದೆ. ವಾರದ ಸಂತೆಯ ಎಲೆಕೋಸು, ಹೂಕೋಸು, ಕ್ಯಾರೆಟ್‌ಗಳು ವರ್ಷವಿಡೀ ಒಂದೇ ಬಗೆಯ ಅಡುಗೆಯನ್ನು ಸಾಧ್ಯವಾಗಿಸಿವೆ. ಬೇಯಿಸುವವರಿಲ್ಲದ ತರಕಾರಿಯನ್ನು ಬೆಳೆಯುವವರು ಇರುವುದಿಲ್ಲ. ಬೆಳೆಯದೆ ಅಟ್ಟದ ಮೇಲೆ ಕೂತ ಬೀಜ ಕೆಲವೇ ವರ್ಷಗಳಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ತಳಿಯೊಂದು ಅಳಿಯುವುದು ಹೀಗೆ, ಯಾರ ಗಮನಕ್ಕೂ ಬಾರದಂತೆ.

ಅಡುಗೆಯು ತಳಿಯನ್ನು ಉಳಿಸಬಲ್ಲದೆಂಬುದಕ್ಕೆ ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳವೇ ಸಾಕ್ಷಿ. ಸೋದೆಯ ವಾದಿರಾಜರು ಅದರ ಬೀಜ ಕೊಟ್ಟರೆಂಬ ಪ್ರತೀತಿಯಿದೆ. ಕೃಷ್ಣಮಠದ ಪಾಕಶಾಲೆಯೂ ಕರಾವಳಿಯ ಮನೆಗಳೂ ಅದನ್ನೇ ಬೇಕೆಂದು ಕೇಳುತ್ತ ಬಂದದ್ದರಿಂದ ಅದು ಗದ್ದೆಯಲ್ಲಿ ಉಳಿಯಿತು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆಯಿತು. ಅದಕ್ಕೆ ಮೊದಲು, ಬಿಟಿ ಬದನೆಯ ವಾಣಿಜ್ಯ ಕೃಷಿಯ ಪ್ರಶ್ನೆ ಎದ್ದಾಗ, ನಾಡಿನ ಬದನೆ ತಳಿಗಳ ಪರವಾಗಿ ವಾದಿಸಿದವರ ಬಾಯಲ್ಲಿ ಈ ಗುಳ್ಳದ ಹೆಸರಿತ್ತು. ಸಾರ್ವಜನಿಕ ಸಭೆಗಳ ಬಳಿಕ 2010ರ ಫೆಬ್ರವರಿ 9ರಂದು ಕೇಂದ್ರ ಪರಿಸರ ಸಚಿವರು ಅದಕ್ಕೆ ತಡೆ ಘೋಷಿಸಿದರು. ಜನರ ನಾಲಗೆಗೆ ಪರಿಚಯವಿರುವ ತಳಿಗೆ ಮಾತನಾಡುವವರು ಸಿಗುತ್ತಾರೆ. ಹೆಸರೇ ಮರೆತುಹೋದ ಹಿತ್ತಲಿನ ಹರಿವೆಗೆ ಆ ಭಾಗ್ಯವಿಲ್ಲ.

ಹಿತ್ತಲು ಬರಿದಾಗಲು ಅನಾಸಕ್ತಿಯೊಂದೇ ಕಾರಣವೆನ್ನುವುದು ಅನ್ಯಾಯವಾದೀತು. ಮಂಗಗಳ ಹಿಂಡು ಒಂದು ಮುಂಜಾನೆಯಲ್ಲಿ ಮೂರು ತಿಂಗಳ ದುಡಿಮೆಯನ್ನು ಮುಗಿಸಿಬಿಡುತ್ತದೆ. ಹಂದಿ, ನವಿಲುಗಳ ಕಾಟ ಬೇರೆ. ಮಕ್ಕಳು ನಗರ ಸೇರಿದ ಮನೆಗಳಲ್ಲಿ ಎಪ್ಪತ್ತು ದಾಟಿದವರು ಕೊಡ ಹೊತ್ತು ನೀರುಣಿಸಬೇಕಾಗಿದೆ. ಹೀಗಿರುವಾಗ ಪರಂಪರೆಯ ಹೆಸರಿನಲ್ಲಿ ಹೆಂಗಸರ ಮೇಲೆ ಇನ್ನಷ್ಟು ಭಾರ ಹೊರಿಸುವುದು ಪರಿಸರ ಚಳವಳಿಗೆ ಶೋಭೆಯಲ್ಲ. ತೋಟಕ್ಕೆ ಪೈಪು, ಸ್ಪ್ರಿಂಕ್ಲರ್ ಹಾಕಿಸಲು ಹಿಂಜರಿಯದ ಮನೆಗಳು ಹಿತ್ತಲಿನ ನಾಲ್ಕು ಮಡಿಗಳಿಗೂ ಒಂದು ನಳಿಕೆ ಎಳೆಯಬಹುದು. ಬೇಲಿ ಕಟ್ಟುವುದು, ಚಪ್ಪರ ಹಾಕುವುದು, ಸರದಿಯಲ್ಲಿ ಮಂಗ ಕಾಯುವುದು ಕೇರಿಯ ಗಂಡಸರ ಪಾಲಿನ ಕೆಲಸವೂ ಆಗಬೇಕು.

ಬೀಜದ ಕೆಲಸವನ್ನು ಹಂಚಿಕೊಳ್ಳಲು ವಿಜ್ಞಾನದ ಕಾರಣವೂ ಇದೆ. ಸೌತೆ, ಕುಂಬಳಗಳ ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುವುದು ಜೇನುನೊಣ. ಒಂದೇ ಜಾತಿಯ ಎರಡು ತಳಿಗಳು ಅಕ್ಕಪಕ್ಕದಲ್ಲಿದ್ದರೆ ಮುಂದಿನ ಬೀಜ ಬೆರಕೆಯಾಗುತ್ತದೆ. ಆದ್ದರಿಂದ ಕೇರಿಯವರು ಕೂಡಿ ಮಾತನಾಡಿ, ಈ ವರ್ಷ ಯಾವ ಸೌತೆ, ಯಾವ ಕುಂಬಳವೆಂದು ನಿಶ್ಚಯಿಸಿಕೊಂಡರೆ ತಳಿ ಶುದ್ಧವಾಗಿ ಉಳಿಯುತ್ತದೆ. ಅಲಸಂದೆಗೆ ಈ ಚಿಂತೆ ಕಡಿಮೆ. ಅದು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ರೋಗವಿಲ್ಲದ ಹಲವು ಬಳ್ಳಿಗಳಿಂದ ಒಂದೊಂದು ಒಳ್ಳೆಯ ಕಾಯಿಯನ್ನು ಕೊಯ್ಯದೆ ಹಣ್ಣಾಗಲು ಬಿಟ್ಟು, ಬೀಜ ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿಟ್ಟರೆ ಮುಂದಿನ ವರ್ಷಕ್ಕೆ ಆಯಿತು. ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು, ಬ್ರಾಂಡ್ ಹೆಸರಿನಲ್ಲಿ ಮಾರದಿರುವವರೆಗೆ, ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಬಳಸದ ಹಕ್ಕು ಮಾತ್ರ ಕಾಗದದಲ್ಲಿಯೇ ಉಳಿಯುತ್ತದೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಕೊಡಲಿಗೆ ಎದುರಾಗಿ ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೊ ಚಳವಳಿ ನಾಡಿಗೆ ಕೊಟ್ಟ ಮಾತು ಮೂರು: ಉಳಿಸು, ಬೆಳೆಸು, ಬಳಸು. ಕಾಡಿನ ವಿಷಯದಲ್ಲಿ ಮೊದಲೆರಡರ ಚರ್ಚೆ ಬೇಕಾದಷ್ಟು ನಡೆದಿದೆ. ಹಿತ್ತಲಿನ ವಿಷಯದಲ್ಲಿ ಮೂರನೆಯದೇ ಮೊದಲು ಬರಬೇಕು. ಬಳಸಿದರೆ ಮಾತ್ರ ಬೆಳೆ, ಬೆಳೆದರೆ ಮಾತ್ರ ಬೀಜ.

ಬಿತ್ತನೆಯ ಕಾಲ ಇನ್ನೂ ಮೀರಿಲ್ಲ. ಪ್ರತಿ ಮನೆಯೂ ಈ ಬೇಸಿಗೆಯಲ್ಲಿ ಪೊಟ್ಟಣದಿಂದ ಬಾರದ ಒಂದು ತಳಿಯನ್ನು, ಊರಿನ ಹಿರಿಯಳೊಬ್ಬಳನ್ನು ಕೇಳಿ ತಂದು ಬಿತ್ತಲಿ. ಬೀಜದ ಜೊತೆಗೆ ಅದರ ಅಡುಗೆಯನ್ನೂ ಅವಳಿಂದಲೇ ಕೇಳಿ ಬರೆದಿಟ್ಟುಕೊಳ್ಳಲಿ. ಆಷಾಢದ ಮಳೆಯಲ್ಲಿ ಜಂತಿಯಿಂದ ಇಳಿಸಿದ ಮೊಗೆಕಾಯಿ ಒಲೆಯ ಮೇಲೆ ಬೇಯುತ್ತಿರುವಾಗ ಅದರ ಬೀಜ ಬೂದಿಯಲ್ಲಿ ಸುರಕ್ಷಿತವಾಗಿದ್ದರೆ, ಆ ಮನೆಯ ಮಟ್ಟಿಗೆ ಈ ವರ್ಷದ ಕೆಲಸ ನಡೆದಂತೆಯೇ ಸರಿ.