ಕಟ್ಟುವ ಕೈ, ಕಾಯುವ ಕಣ್ಣು

ಮಹಾಸೌಧವೊಂದು ಎದ್ದು ನಿಂತಾಗ ಅದರ ಎತ್ತರವನ್ನು ಅಳೆಯುವವರುಂಟು, ವೆಚ್ಚವನ್ನು ಎಣಿಸುವವರುಂಟು. ಅದನ್ನು ಕಟ್ಟುವಾಗ ಸಾರವೆಯಿಂದ ಬಿದ್ದವರ ಲೆಕ್ಕ ಕೇಳುವವರು ಮಾತ್ರ ವಿರಳ. ಅಮೆರಿಕದಂತಹ ಸಿರಿವಂತ ನಾಡಿನಲ್ಲಿಯೂ 2023ರ ಒಂದೇ ವರ್ಷದಲ್ಲಿ ಕಟ್ಟಡದ ಕೆಲಸದಲ್ಲಿ ಸಾವಿರಕ್ಕೂ ಮಿಕ್ಕ ಜನ ಪ್ರಾಣ ತೆತ್ತರು. ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರು ಸತ್ತದ್ದು ಜಾರಿ ಬಿದ್ದು. ಇದನ್ನು ತಡೆಯಬೇಕಾದವರಾರು? ಕಾನೂನಿನ ಕೋಲು ಹಿಡಿದ ಸರ್ಕಾರವೇ, ಕೆಲಸ ವಹಿಸಿಕೊಂಡ ಗುತ್ತಿಗೆದಾರರೇ? ಇಬ್ಬರೂ ಕೈಗೂಡಿಸಿದರೆ ಹಿತವೆಷ್ಟು, ಅಹಿತವೆಷ್ಟು? ಆ ನಾಡಿನ ಅನುಭವ ಈ ಪ್ರಶ್ನೆಗಳಿಗೆ ಒಳ್ಳೆಯ ಪಾಠವಾಗಿದೆ.

ಹತ್ತು ಲಕ್ಷ ಡಾಲರಿನ ಕಾಮಗಾರಿಗೆ ಒಂದು ಜೀವ! 1930ರ ದಶಕದಲ್ಲಿ ಅಲ್ಲಿಯ ಕಟ್ಟಡದ ಜನ ಹಾಕುತ್ತಿದ್ದ ಕರಾಳ ಲೆಕ್ಕವಿದು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಈ ಲೆಕ್ಕಕ್ಕೆ ತಲೆಬಾಗಲಿಲ್ಲ. ಸೇತುವೆಯ ಕೆಳಗೆ ದೊಡ್ಡ ಬಲೆಯನ್ನು ಕಟ್ಟಿಸಿದರು; ಅದು 19 ಮಂದಿಯನ್ನು ಉಳಿಸಿತು. ಆದರೆ 1937ರ ಫೆಬ್ರವರಿ 17ರಂದು ಅಟ್ಟಣೆಯೊಂದು ಕಳಚಿ ಬಿದ್ದು ಬಲೆಯನ್ನೇ ಹರಿದಾಗ ಹತ್ತು ಮಂದಿ ಅಸುನೀಗಿದರು. ಅಂತಹ ಬಲೆಯನ್ನು ಕಟ್ಟಿಸಿದ್ದು ಕಾನೂನಲ್ಲ, ಒಬ್ಬ ಮನುಷ್ಯನ ಮನಸ್ಸಾಕ್ಷಿ. ಮನಸ್ಸಾಕ್ಷಿ ಎಲ್ಲ ಕಡೆಯೂ ಎಚ್ಚರವಾಗಿರುವುದೆಂದು ನಂಬಿ ಕೂರಲಾಗದು.

1970ರ ಡಿಸೆಂಬರಿನಲ್ಲಿ ಅಲ್ಲಿ ಕಾರ್ಮಿಕರ ಸುರಕ್ಷತೆ ಹಾಗೂ ಆರೋಗ್ಯಕ್ಕಾಗಿ ಶಾಸನ ಬಂದಿತು. ಮರುವರ್ಷ 'ಓಷಾ' ಎಂಬ ಇಲಾಖೆ ಕಾರ್ಯಾರಂಭ ಮಾಡಿತು. ದಂಡಂ ದಶಗುಣಂ ಎಂಬಂತೆ ತನಿಖೆ, ಜುಲ್ಮಾನೆಗಳು ಆರಂಭವಾದವು. ಆದರೂ 1978ರ ಏಪ್ರಿಲ್ 27ರಂದು ವೆಸ್ಟ್ ವರ್ಜೀನಿಯದ ವಿಲ್ಲೊ ಐಲೆಂಡಿನಲ್ಲಿ ಘೋರ ದುರಂತ ಸಂಭವಿಸಿತು. ವಿದ್ಯುತ್ ಸ್ಥಾವರದ ಶೀತಕ ಗೋಪುರ ಏರುತ್ತಿತ್ತು. ಸಾರವೆಯನ್ನು ಬಿಗಿದದ್ದು ಗೋಪುರದ ಕಾಂಕ್ರೀಟಿಗೇ. ಹಿಂದಿನ ದಿನ ಸುರಿದ ಕಾಂಕ್ರೀಟು ಇನ್ನೂ ಸಾಕಷ್ಟು ಬಲಿತಿರಲಿಲ್ಲ. ಅದು ಕಳಚಿಕೊಂಡಿತು; ಸಾರವೆಯೊಡನೆ 51 ಮಂದಿ ನೆಲಕ್ಕಪ್ಪಳಿಸಿ ಮಡಿದರು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಕೆಲಸ ನಡೆಯುವ ಎತ್ತರಕ್ಕೆ ಅದು ಏರಬೇಕು. ಪ್ರತಿಯೊಂದು ಸಾರವೆಯ ಬುಡದಲ್ಲಿಯೂ ಒಬ್ಬೊಬ್ಬ ಇನ್ಸ್‌ಪೆಕ್ಟರನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ಆದುದರಿಂದಲೇ ಕಸುಬಿನವರ ಸಹಕಾರ ಬೇಕಾಯಿತು. ಉಕ್ಕಿನ ಚೌಕಟ್ಟು ನಿಲ್ಲಿಸುವ ಕೆಲಸದ ನಿಯಮಗಳನ್ನು ತಿದ್ದಲು 1994ರಲ್ಲಿ ಒಂದು ಸಮಿತಿ ರಚನೆಯಾಯಿತು. ಕಬ್ಬಿಣದ ಕೆಲಸಗಾರರ ಸಂಘ, ಗುತ್ತಿಗೆದಾರರು, ಸರ್ಕಾರದ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತರು. ಎರಡೇ ಬೋಲ್ಟುಗಳ ಮೇಲೆ ನಿಂತ ಕಂಬ, ಹತ್ತಿದವನ ಭಾರಕ್ಕೆ ಓಲುತ್ತದೆಂಬುದು ಕಂಬ ಹತ್ತಿದವನಿಗೆ ಗೊತ್ತು. ಕಚೇರಿಯ ಕುರ್ಚಿಗೆ ಅದು ತಿಳಿಯುವುದು ಕಷ್ಟ. 2001ರಲ್ಲಿ ಪ್ರಕಟವಾದ ನಿಯಮದಲ್ಲಿ ಪ್ರತಿ ಕಂಬಕ್ಕೂ ಕನಿಷ್ಠ ನಾಲ್ಕು ಬೋಲ್ಟುಗಳಿರಬೇಕೆಂದಾಯಿತು. ಅಡಿಪಾಯದ ಕಾಂಕ್ರೀಟು ತನ್ನ ನಿಗದಿತ ಬಲದ ಶೇಕಡಾ 75ರಷ್ಟನ್ನಾದರೂ, ಇಲ್ಲವೇ ಉಕ್ಕಿನ ಭಾರ ಹೊರಲು ಸಾಕಾಗುವಷ್ಟು ಬಲವನ್ನಾದರೂ ಪಡೆದಿದೆಯೆಂದು ಬರೆಹದಲ್ಲಿ ತಿಳಿಸಿದ ಮೇಲೆಯೇ ಉಕ್ಕು ನಿಲ್ಲಿಸತಕ್ಕದ್ದೆಂದಾಯಿತು. ಬಲಿಯದ ಕಾಂಕ್ರೀಟನ್ನು ನಂಬಿದರೆ ಆಗುವುದೇನೆಂಬುದನ್ನು ವಿಲ್ಲೊ ಐಲೆಂಡ್ ಅದಾಗಲೇ ತೋರಿಸಿತ್ತು.

2002ರಲ್ಲಿ ಓಷಾ 'ಅಲಯನ್ಸ್' ಎಂಬ ಒಡಂಬಡಿಕೆಗಳನ್ನು ಆರಂಭಿಸಿತು. ಕಸುಬಿನ ಸಂಘಗಳೊಡನೆ ಕೂಡಿ ತರಬೇತಿ ನೀಡುವುದು, ಕೈಪಿಡಿಗಳನ್ನು ಹಂಚುವುದು ಇವುಗಳ ಕೆಲಸ. ಸ್ಪ್ಯಾನಿಷ್ ಮಾತನಾಡುವ ಕೂಲಿಗಾರನಿಗೆ ಅವನ ಭಾಷೆಯಲ್ಲಿಯೇ ಅಪಾಯವನ್ನು ತಿಳಿಸಲು ಮೆಕ್ಸಿಕೋದ ದೂತಾವಾಸ ಕಚೇರಿಗಳೊಡನೆಯೂ ಒಡಂಬಡಿಕೆಗಳಾದವು. 2014ರಿಂದ ಮತ್ತೊಂದು ಪರಿಪಾಠ ಬೆಳೆಯಿತು: ವರ್ಷಕ್ಕೊಮ್ಮೆ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ, ಬೀಳುವ ಅಪಾಯವನ್ನು ಕುರಿತು ಮೇಸ್ತ್ರಿಯೂ ಆಳುಗಳೂ ಕುಳಿತು ಮಾತನಾಡುವುದು. ಹಣವೇ ಓಡುತ್ತಿರುವ ಸ್ಥಳದಲ್ಲಿ ಮಾಲೀಕನೇ ಕೆಲಸ ನಿಲ್ಲಿಸುವುದು ಸಣ್ಣ ಮಾತಲ್ಲ.

ಆದರೆ ಬೇಲಿಯೂ ಹಸುವೂ ಸ್ನೇಹ ಬೆಳೆಸಿದರೆ ಹೊಲದ ಗತಿಯೇನು? ಈ ಸಂಶಯ ನಿರಾಧಾರವಲ್ಲ. 1982ರಿಂದ ನಡೆದುಬಂದ ಇನ್ನೊಂದು ಯೋಜನೆಯಲ್ಲಿ, ಮಾದರಿಯೆನಿಸಿದ ಕೆಲಸದ ಸ್ಥಳಗಳಿಗೆ ವಾಡಿಕೆಯ ತನಿಖೆಯಿಂದ ವಿನಾಯಿತಿ ದೊರೆಯುತ್ತದೆ. ಕಾರ್ಮಿಕರು ಸತ್ತ ಸ್ಥಳಗಳೂ ಆ ಗೌರವದ ಪಟ್ಟಿಯಲ್ಲಿ ಉಳಿದಿದ್ದವೆಂದು ಅಲ್ಲಿಯ ಸಂಸತ್ತಿನ ಪರವಾಗಿ ಪರಿಶೀಲಿಸುವ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ವರದಿ ಮಾಡಿತು. ಇಂತಹ ಸ್ವಯಂಪ್ರೇರಿತ ಯೋಜನೆಗಳ ಫಲವನ್ನು ಸರಿಯಾಗಿ ಅಳೆಯದೆ ವಿಸ್ತರಿಸಬಾರದೆಂದು ಅದೇ ಕಚೇರಿ 2004ರಲ್ಲಿಯೇ ಎಚ್ಚರಿಸಿತ್ತು. ಅಲಯನ್ಸ್ ಒಡಂಬಡಿಕೆಯಲ್ಲಾದರೋ ತನಿಖೆಯಿಂದ ಇಂತಹ ವಿನಾಯಿತಿ ಇಲ್ಲ. ಅದು ವಿವೇಕದ ಏರ್ಪಾಡು.

ಒಡಂಬಡಿಕೆಗೆ ಸಹಿ ಹಾಕುವವರು ನೆಲದ ಮೇಲೆ ಕುಳಿತಿರುತ್ತಾರೆ. ಅದರ ಬೆಲೆ ತಿಳಿಯುವುದು ಮೇಲೆ ತೊಲೆಯ ಮೇಲೆ ನಡೆಯುವವನಿಗೆ. ಅವನ ಮೈಗೆ ಸುರಕ್ಷತಾ ಪಟ್ಟಿಯಿದೆಯೇ, ಪಟ್ಟಿಯ ಹಗ್ಗ ಗಟ್ಟಿಯಾದುದಕ್ಕೆ ಬಿಗಿದಿದೆಯೇ, 'ಇಲ್ಲಿ ಅಪಾಯವಿದೆ' ಎಂದು ಹೇಳಿದರೂ ನಾಳೆ ಅವನಿಗೆ ಕೆಲಸ ಉಳಿಯುವುದೇ? ಈ ಮೂರಕ್ಕೂ 'ಹೌದು' ಎಂಬ ಉತ್ತರ ದೊರೆಯುವಲ್ಲಿ ಸರ್ಕಾರ ಮತ್ತು ಗುತ್ತಿಗೆದಾರರ ಸ್ನೇಹ ಸಾರ್ಥಕ. ದೊರೆಯದಲ್ಲಿ ಇನ್ಸ್‌ಪೆಕ್ಟರ್ ಸ್ನೇಹವನ್ನು ಬದಿಗಿಟ್ಟು ಜುಲ್ಮಾನೆಯ ಪುಸ್ತಕವನ್ನು ತೆರೆಯುವುದೇ ಧರ್ಮ.